ಚಿಮ್ನಿ ಪಕ್ಕ ಸೀಗಲ್ ಗೂಡು: ನೀವೇನು ಮಾಡಿದಿರಿ, ಎಷ್ಟು ಖರ್ಚಾಯಿತು?

ವರ್ದಿಂಗ್ ಹೊಸಮನೆ: ಹೋದ ಚಳಿಗಾಲದಲ್ಲಿ ಇಂಗ್ಲೆಂಡಿನ ವರ್ದಿಂಗ್‌ನಲ್ಲಿ ಮನೆ ತಗೊಂಡೆವು. ಈಗ ಹೆರಿಂಗ್ ಗಲ್ ಅನ್ನುವ ಸೀಗಲ್‌ನ ಒಂದು ಜೋಡಿ ಚಿಮ್ನಿ ಬುಡಕ್ಕೆ ಹುಲ್ಲು ತಂದು ಹಾಕುತ್ತಿದೆ. ಜೂನ್‌ನಲ್ಲಿ ಹಾಸನದಿಂದ ಅತ್ತೆ ಬರುತ್ತಾರೆ. ಅವರಿಗೆ ಹಿತ್ತಲಲ್ಲಿ ಕೂತೇ ಅಭ್ಯಾಸ. ನಡೆಯಲು ಕಲಿಯುತ್ತಿರುವ ಮಗುವೂ ಇದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಹೇಸ್ಟಿಂಗ್ಸ್ ನಿವಾಸಿ: ನಮ್ಮ ಲೆಕ್ಕ ಕೇಳಿ. ಮೊದಲು ಮುಳ್ಳಿನ ಪಟ್ಟಿ ಹಾಕಿಸಿದೆವು, 260 ಪೌಂಡ್. ಏಣಿಯಲ್ಲಿ ಹತ್ತುವುದಿಲ್ಲ ಅಂದರು, ಹಾಗಾಗಿ ಸ್ಕ್ಯಾಫೋಲ್ಡಿಂಗ್‌ಗೆ (ನಿಂತು ಕೆಲಸ ಮಾಡುವ ಅಟ್ಟಣಿಗೆ) 840. ಮುಂದಿನ ವಸಂತಕ್ಕೆ ಆ ಮುಳ್ಳುಗಳ ನಡುವೆಯೇ ಕಡ್ಡಿ ಸಿಕ್ಕಿಸಿ ಗೂಡು ಕಟ್ಟಿದವು. ಗಾಳಿಗೆ ಅಲ್ಲಾಡದ ಹಾಗೆ ಗಟ್ಟಿಯಾಗಿ ಕೂತಿತ್ತು! ಆಮೇಲೆ ಬಲೆ, 1,450. ಮತ್ತೆ ಸ್ಕ್ಯಾಫೋಲ್ಡಿಂಗ್, ಮತ್ತೆ 840. ಬಿರುಗಾಳಿಗೆ ಬಲೆಯ ಒಂದು ಮೂಲೆ ಬಿಚ್ಚಿತು, ಒಳಗೆ ಹಕ್ಕಿ ಸಿಕ್ಕಿಹಾಕಿಕೊಂಡಿತು. ಬಿಡಿಸಿ ಸರಿಮಾಡಲು 310. ಬಿರುಗಾಳಿಗೆ ಗ್ಯಾರಂಟಿ ಅನ್ವಯಿಸಲ್ಲ ಅಂತ ಬಲೆ ಹಾಕಿದವನು ಆಗ ಹೇಳುತ್ತಾನೆ. ಪ್ಲಾಸ್ಟಿಕ್ ಗೂಬೆಗೆ 35. ಸ್ವಲ್ಪ ದಿನ ಹೆದರಿದವು, ಆಮೇಲೆ ಗೂಬೆಯ ತಲೆ ಮೇಲೆಯೇ ಕೂತವು. ಒಟ್ಟು 3,735 ಪೌಂಡ್. ನಾವೆಲ್ಲ ಊರಿಗೆ ಹೋಗಿಬರುವ ದುಡ್ಡು ಅದು.

ಅಬರ್ಡೀನ್ ಶಾಲಿನಿ: ನಾವು ಏನೂ ಮಾಡಲಿಲ್ಲ. ಅದೇ ಸರಿ ಅಂತ ಈಗಲೂ ಹೇಳುತ್ತೇನೆ. ಅದೇ ಜೋಡಿ ವರ್ಷವೂ ಅದೇ ಮೂಲೆಗೆ ಬರುತ್ತದೆ. ಸಾಮಾನ್ಯವಾಗಿ ಮೂರು ಮೊಟ್ಟೆ, ಸುಮಾರು ನಾಲ್ಕು ವಾರ ಕಾವು, ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕೂರುತ್ತವೆ. ಹಳದಿ ಕೊಕ್ಕಿನ ಕೆಳಗೆ ಕೆಂಪು ಚುಕ್ಕೆ ನೋಡಿದ್ದೀರಾ? ಮರಿ ಅದನ್ನು ಕುಟ್ಟಿದರೆ ಅಪ್ಪ ಅಮ್ಮ ತಿಂದದ್ದನ್ನು ಹೊರಗೆ ಕಕ್ಕಿ ಕೊಡುತ್ತವೆ. ಇಂಥ ನಡವಳಿಕೆಗಳನ್ನು ಅಧ್ಯಯನ ಮಾಡಿದ ನಿಕೋ ಟಿನ್‌ಬರ್ಗನ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ನಾನು ಅಡುಗೆಮನೆ ಕಿಟಕಿಯಿಂದಲೇ ಅದನ್ನು ನೋಡುತ್ತೇನೆ. ಹುಲ್ಲಿನ ಮೇಲೆ ಕಾಲು ತಟತಟ ಬಡಿದು ಎರೆಹುಳು ಮೇಲೆ ಬರಿಸುವುದನ್ನೂ ನೋಡಿದ್ದೇನೆ. ಮರಿ ಹಾರಲು ಐದಾರು ವಾರ ಬೇಕು. ಮರಿ ಕಾಯಲು ದೊಡ್ಡವು ನಮ್ಮ ತಲೆ ಮೇಲೆ ಎರಗುವುದೆಲ್ಲ ಆ ವಾರಗಳಲ್ಲೇ ಜಾಸ್ತಿ. ಕೊಡೆ ಬಿಚ್ಚಿ ಓಡಾಡಿದರೆ ಆಯಿತು. ಬ್ರಿಟನ್ನಿನಲ್ಲಿ 2009ರಿಂದ ಈ ಹಕ್ಕಿ ಕೆಂಪು ಪಟ್ಟಿಯಲ್ಲಿದೆ, ಅಂದರೆ ಉಳಿವಿನ ಬಗ್ಗೆ ಅತಿ ಹೆಚ್ಚು ಆತಂಕ ಇರುವ ಹಕ್ಕಿಗಳ ಪಟ್ಟಿಯಲ್ಲಿ. ಸಾವಿರಾರು ಪೌಂಡ್ ಕೊಟ್ಟು ಅದನ್ನು ಓಡಿಸುವವರ ಕಷ್ಟ ಕೇಳಿ ನನಗೆ ಕನಿಕರ ಬರುವುದಿಲ್ಲ.

ಹೇಸ್ಟಿಂಗ್ಸ್ ನಿವಾಸಿ: ಶಾಲಿನಿ ಅವರೇ, ನಮ್ಮ ತಾಯಿಗೆ 71 ವರ್ಷ. ಬಟ್ಟೆ ಒಣಹಾಕಲು ಹೋದಾಗ ತಲೆಗೆ ಬಡಿದು ರಕ್ತ ಬಂತು. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದರಲ್ಲಿ ಸೀರೆ ಹಿಂಡಲು ಆಗುತ್ತದಾ? ಕನಿಕರದ ಮಾತು ನಿಮ್ಮಲ್ಲೇ ಇಟ್ಟುಕೊಳ್ಳಿ.

ಶೋರಮ್ ವಾಸು: ಜಗಳ ಆಮೇಲೆ. ಕಾನೂನು ಯಾರೂ ಹೇಳಲಿಲ್ಲ. 1981ರ ವನ್ಯಜೀವಿ ಕಾಯ್ದೆ ಪ್ರಕಾರ ಕಟ್ಟುತ್ತಿರುವ ಗೂಡನ್ನೂ ಕೀಳುವಂತಿಲ್ಲ. ಮೊದಲು ಇಂಗ್ಲೆಂಡಿನಲ್ಲಿ, ಅರ್ಜಿ ಹಾಕದೆಯೇ ಬಳಸಬಹುದಾದ ಸಾಮಾನ್ಯ ಲೈಸೆನ್ಸ್ ನಡೆಯುತ್ತಿತ್ತು. 2020ರಿಂದ ಹೆರಿಂಗ್ ಗಲ್‌ಗೆ ಬೇರೆಯೇ ಅರ್ಜಿ ಹಾಕಬೇಕು. ನಾನು ಹಾಕಿದೆ. ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗುವ ಕಿರುಚಾಟ ರೆಕಾರ್ಡ್ ಮಾಡಿದೆ. ಹಿಕ್ಕೆ ಬಿದ್ದು ಕಾರಿನ ಬಣ್ಣ ಕಿತ್ತುಹೋದ ಫೋಟೋ ಇಟ್ಟೆ, ಬಾನೆಟ್‌ಗೆ ಹೊಸ ಬಣ್ಣದ 420 ಪೌಂಡ್ ಬಿಲ್ ಇಟ್ಟೆ. ಗದ್ದಲ, ಹಿಕ್ಕೆ ಕಾರಣ ಆಗುವುದಿಲ್ಲ, ಆರೋಗ್ಯಕ್ಕೋ ಸುರಕ್ಷತೆಗೋ ಅಪಾಯ ತೋರಿಸಿ ಅಂದರು ಲೈಸೆನ್ಸ್ ಕೊಡುವವರು. ನಿದ್ದೆ ಇಲ್ಲದೆ ನೈಟ್ ಶಿಫ್ಟ್ ಮಾಡುವುದು ಆರೋಗ್ಯದ ವಿಷಯ ಅಲ್ವಾ? ಆ ಉತ್ತರದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಲ್ಪೆಯ ಮಗ: ಇಷ್ಟೆಲ್ಲ ಯಾಕೆ ಮಾರಾಯ್ರೆ? ನಮ್ಮ ಮಲ್ಪೆ ಬಂದರಿನಲ್ಲಿ ರಾಶಿ ರಾಶಿ ಗಲ್‌ಗಳು. ಬೋಟಿನ ಹಿಂದೆ ಬರುತ್ತವೆ, ಬಿಸಾಡಿದ ಮೀನು ತಿನ್ನುತ್ತವೆ, ಹೋಗುತ್ತವೆ. ಒಬ್ಬರ ತಲೆಗೂ ಬಡಿದದ್ದು ನಾನು ನೋಡಿಲ್ಲ. ಇಲ್ಲಿನವರು ಚಿಪ್ಸ್ ತಿನ್ನಿಸಿ ಅವುಗಳ ಬುದ್ಧಿ ಕೆಡಿಸಿದ್ದಾರೆ.

ಅಬರ್ಡೀನ್ ಶಾಲಿನಿ: ಮಲ್ಪೆಯಲ್ಲಿ ಅವು ಗೂಡೇ ಕಟ್ಟುವುದಿಲ್ಲ ಸರ್! ಚಳಿಗಾಲಕ್ಕೆ ಬಂದ ಅತಿಥಿಗಳು. ಅಲ್ಲಿಗೆ ಬರುವ ಕಂದು ತಲೆಯ ಗಲ್ ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಕಾಯಲು ಮರಿ ಇಲ್ಲದ ಮೇಲೆ ಯಾರ ತಲೆಗೆ ಯಾಕೆ ಬಡಿಯಬೇಕು? ಇಲ್ಲಿಯೂ ಡಿಸೆಂಬರ್‌ನಲ್ಲಿ ಯಾರಿಗೂ ಬಡಿಯಲ್ಲ.

ಶೋರಮ್ ವಾಸು: ಡಿಸೆಂಬರ್‌ನಲ್ಲಿ ನನ್ನ ಕೈಯಿಂದ ಸ್ಯಾಂಡ್‌ವಿಚ್ ಕಿತ್ತದ್ದು ಮತ್ತೇನು?

ಅಬರ್ಡೀನ್ ಶಾಲಿನಿ: ಅದು ಹಸಿವು, ಮರಿ ಕಾಯುವುದಲ್ಲ. ಅದರ ಕಣ್ಣಿಗೆ ಕಣ್ಣಿಟ್ಟು ನೋಡಿ. ಎಕ್ಸೆಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ದಿಟ್ಟಿಸಿ ನೋಡುವವರ ಹತ್ತಿರದ ತಿಂಡಿಗೆ ಅವು ತಡವಾಗಿ ಬರುತ್ತವೆ.

ವರ್ದಿಂಗ್ ಹಳಬ: ಪ್ರಶ್ನೆ ಕೇಳಿದ ವರ್ದಿಂಗ್‌ನವರಿಗೆ ಯಾರೂ ಉತ್ತರ ಕೊಟ್ಟಿಲ್ಲ. ಈ ವರ್ಷ ಮುಟ್ಟಬೇಡಿ. ಜುಲೈನಲ್ಲಿ ಮರಿ ಹಿತ್ತಲಿಗೆ ಬೀಳಬಹುದು, ಆಗ ಅತ್ತೆಯವರನ್ನು ಮುಂಬಾಗಿಲ ಕಡೆ ಕೂರಿಸಿ. ಮರಿಗಳೆಲ್ಲ ಹಾರಿ ಗೂಡು ಖಾಲಿಯಾದ ಮೇಲೆ ಶರತ್ಕಾಲದಲ್ಲಿ ತೆಗೆಸಿ, ಮತ್ತೆ ಗೂಡು ಕಟ್ಟದ ಹಾಗೆ ಚಿಮ್ನಿಗೆ ತಂತಿ ಬುಟ್ಟಿ ಹಾಕಿಸಿ. ನನಗೆ 580 ಪೌಂಡ್ ಆಯಿತು, ಆಮೇಲೆ ಅವು ಪಕ್ಕದ ಮನೆಯ ಚಿಮ್ನಿಗೆ ಹೋದವು. ಆ ಮನೆಯವರು ಈಗ ನನ್ನ ಜೊತೆ ಮಾತಾಡುವುದಿಲ್ಲ.

ಮಲ್ಪೆಯ ಮಗ: ಶಾಲಿನಿ ಮೇಡಂ, ಮಲ್ಪೆಯಲ್ಲಿ ಕಂದು ತಲೆಯದ್ದು ಮಾತ್ರ ಅಲ್ಲ. ಬೆನ್ನು ಕಪ್ಪಗಿರುವ ದೊಡ್ಡದೂ ಬರುತ್ತದೆ. ನಿಮ್ಮ ಅಬರ್ಡೀನ್ ಹಕ್ಕಿಯೇ ಅದು.

ಅಬರ್ಡೀನ್ ಶಾಲಿನಿ: ಅಲ್ಲವೇ ಅಲ್ಲ. ಹೆರಿಂಗ್ ಗಲ್ ಬೆನ್ನು ತಿಳಿ ಬೂದು, ಕಾಲು ಗುಲಾಬಿ. ನೀವು ಹೇಳುವುದು ಸೈಬೀರಿಯಾ ಕಡೆಯಿಂದ ಬರುವ ಹ್ಯೂಗ್ಲಿನ್ ಗಲ್. ಅದರ ಕಾಲು ಹಳದಿ.

ಮಲ್ಪೆಯ ಮಗ: ನಾನು ನೋಡಿದ್ದು ಗುಲಾಬಿ ಕಾಲಿನದ್ದೇ. ಮೈಯೆಲ್ಲ ಕಂದು ಇತ್ತು.

ಅಬರ್ಡೀನ್ ಶಾಲಿನಿ: ಹಾಗಾದರೆ ಅದು ಎಳೆಯದು. ದೊಡ್ಡವುಗಳ ಬಣ್ಣ ಬರಲು ನಾಲ್ಕು ವರ್ಷ ಬೇಕು. ಈಗಷ್ಟೇ ಬೆನ್ನು ಕಪ್ಪು ಅಂದಿರಿ, ಈಗ ಮೈಯೆಲ್ಲ ಕಂದು ಅನ್ನುತ್ತೀರಿ. ಯಾವುದು ಅಂತ ಮೊದಲು ತೀರ್ಮಾನ ಮಾಡಿ.

ಮಲ್ಪೆಯ ಮಗ: ಎರಡೂ ಒಂದೇ ಬೋಟಿನ ಮೇಲೆ ಕೂತಿದ್ದವು. ಅಣ್ಣನ ಹತ್ತಿರ ಫೋಟೋ ಇದೆ, ತರಿಸಿ ಹಾಕುತ್ತೇನೆ.