ಫೆರೆಟ್‌ಗೆ ‘ಸಾಕುಮುಂಗುಸಿ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಪುಣೆಯ ನಮ್ಮ ಕನ್ನಡ ಮಕ್ಕಳಿಗಾಗಿ ಸಾಕುಪ್ರಾಣಿಗಳ ಬಗ್ಗೆ ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ಫೆರೆಟ್ ಎಂಬ ಸಣ್ಣ ಪ್ರಾಣಿಯ ಹೆಸರಿನ ಹತ್ತಿರ ಬಂದು ನಿಂತಿದ್ದೇನೆ. ಇದನ್ನು ನೋಡಿದ ಕೂಡಲೇ ನಮ್ಮ ಮಕ್ಕಳು ಮುಂಗುಸಿ ಅನ್ನುತ್ತಾರೆ. ಅವರ ಮರಾಠಿ ಗೆಳೆಯರೂ ‘ಮುಂಗೂಸ್’ ಅನ್ನುವುದರಿಂದ ಆ ಹೆಸರೇ ಗಟ್ಟಿಯಾಗುತ್ತಿದೆ. ಕರಡು ಓದಿದ ಹಿರಿಯರೊಬ್ಬರು ‘ಸಾಕುಮುಂಗುಸಿ’ ಅಂತ ಹಾಕಿ ಎಂದರು. ಕೇಳಲು ಚೆನ್ನಾಗಿದೆ, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಮುಂಗುಸಿ ಬೆಕ್ಕು, ಪುನುಗುಗಳ ಕಡೆಯ ಪ್ರಾಣಿ. ಫೆರೆಟ್ ನೀರುನಾಯಿ, ತರಕರಡಿಗಳ ಬಳಗದ್ದು. ಉದ್ದ ಮೈ, ಗಿಡ್ಡ ಕಾಲು ಮಾತ್ರ ಎರಡಕ್ಕೂ ಸಮಾನ. ಇಷ್ಟೇ ಆಗಿದ್ದರೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೀರುನಾಯಿಯೂ ನಾಯಿಯಲ್ಲ, ಅಲ್ವಾ?

ನನಗೆ ಮುಖ್ಯವಾದದ್ದು ಅದರ ಚರಿತ್ರೆ. ಹಾವಾಡಿಗರ ಹತ್ತಿರ ಇರುತ್ತಿದ್ದ ಮುಂಗುಸಿ ಕಾಡಿನಿಂದ ಹಿಡಿದು ಪಳಗಿಸಿದ್ದು. ಫೆರೆಟ್ ಹಾಗಲ್ಲ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯಿಂದ ಜನ ತಲೆಮಾರುಗಳ ಕಾಲ ಸಾಕಿ ಬೆಳೆಸಿದ ತಳಿ ಅದು. ಸುಮಾರು 2,000 ವರ್ಷಗಳ ಹಿಂದೆಯೇ ಗ್ರೀಕ್ ಬರಹಗಾರ ಸ್ಟ್ರಾಬೋ ಸ್ಪೇನ್ ಕಡೆಯ ಮೊಲಬೇಟೆಯ ಬಗ್ಗೆ ಬರೆದಿದ್ದಾನೆ. ಇಂಥದೇ ಒಂದು ಪ್ರಾಣಿಗೆ ಬಾಯಿಕುಕ್ಕೆ ಹಾಕಿ ಮೊಲದ ಬಿಲಕ್ಕೆ ಬಿಡುತ್ತಿದ್ದರಂತೆ. ಮೊಲ ಹೆದರಿ ಹೊರಗೆ ಓಡಿ ಬಂದರೆ, ಕಾದು ನಿಂತವರು ಹಿಡಿಯುತ್ತಿದ್ದರು. ಸ್ಪೇನ್ ಪಕ್ಕದ ಬ್ಯಾಲಿಯಾರಿಕ್ ದ್ವೀಪಗಳಲ್ಲಿ ಮೊಲಗಳ ಕಾಟ ತಾಳಲಾರದೆ ಜನ ಚಕ್ರವರ್ತಿ ಅಗಸ್ಟಸ್‌ನ ಹತ್ತಿರ ಸೈನ್ಯವನ್ನೇ ಕೇಳಿದ್ದರು ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಬೇಟೆಯ ಆ ಪ್ರಾಣಿಗೆ ಅವನು ಬಳಸಿದ ಪದ ‘ವಿವೆರಾ’. 1758ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ ಅದೇ ಪದವನ್ನು ಪುನುಗಿನ ಕುಲಕ್ಕೆ ಇಟ್ಟ! ಫೆರೆಟ್‌ಗೆ ‘ಮುಸ್ಟೆಲಾ ಫ್ಯೂರೋ’ ಎಂದು ಕರೆದ. ‘ಫೆರೆಟ್’ ಪದದ ಬೇರಿನಲ್ಲಿ ಕಳ್ಳ ಎಂಬ ಅರ್ಥದ ಲ್ಯಾಟಿನ್ ಪದವಿದೆ. ಸಣ್ಣಪುಟ್ಟ ವಸ್ತು ಎಳೆದೊಯ್ದು ಬಚ್ಚಿಡುವುದು ಇವತ್ತಿಗೂ ಅದರ ಚಾಳಿ.

ಸಾಕಿದವರ ಕೈ ಮೀರಿದ ಕತೆಯೂ ಇದೆ. 1880ರ ದಶಕದಲ್ಲಿ ಮೊಲಗಳನ್ನು ಹತೋಟಿಗೆ ತರಲೆಂದು ನ್ಯೂಜಿಲೆಂಡ್‌ನಲ್ಲಿ ಫೆರೆಟ್‌ಗಳನ್ನು ಕಾಡಿಗೆ ಬಿಟ್ಟರು. ಅವು ಅಲ್ಲಿನ ಹಾರಲಾರದ ಹಕ್ಕಿಗಳನ್ನು ತಿನ್ನತೊಡಗಿದವು.

‘ಸಾಕುಮುಂಗುಸಿ’ಯಲ್ಲಿ ಇನ್ನೊಂದು ಅಪಾಯವಿದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಮುಂಗುಸಿಯನ್ನು ಮನೆಯಲ್ಲಿ ಸಾಕುವಂತಿಲ್ಲ. ಮಕ್ಕಳ ಪುಸ್ತಕದಲ್ಲೇ ಆ ಹೆಸರು ಕಂಡರೆ, ಮುಂಗುಸಿ ಮರಿ ಹಿಡಿದು ತರುವುದು ತಪ್ಪಲ್ಲ ಅಂದುಕೊಳ್ಳುವುದಿಲ್ಲವೇ? ಸುಮ್ನೆ ‘ಫೆರೆಟ್’ ಎಂದೇ ಬರೆದು, ಮೊದಲ ಸಲ ಬಂದಲ್ಲಿ ‘ಮೊಲಬೇಟೆಗೆಂದು ಸಾಕಿದ, ನೀರುನಾಯಿ ಬಳಗದ ಸಣ್ಣ ಪ್ರಾಣಿ’ ಎಂದು ಸೇರಿಸುವುದು ಒಳ್ಳೆಯದು ಅನ್ನಿಸುತ್ತದೆ.

ನಿಮ್ಮನ್ನು ಕೇಳಬೇಕಾದದ್ದು ಎರಡು. ಬಿಲದ ಬಾಯಿಗೆ ಬಲೆ ಕಟ್ಟಿ, ಒಳಗಿನ ಪ್ರಾಣಿಯನ್ನು ಹೊರಗೆ ಹೊರಡಿಸುವ ಬೇಟೆಗೆ ನಿಮ್ಮೂರ ಕಡೆ ಏನನ್ನುತ್ತಾರೆ? ‘ಬಿಲಬೇಟೆ’ ಎಂದು ನಾನೇ ಕಟ್ಟಿಕೊಂಡಿದ್ದೇನೆ. ಬಳಕೆಯ ಪದ ಇದ್ದರೆ ಅದೇ ಬೇಕು. ಇನ್ನು, ಹಿಡಿದು ಪಳಗಿಸುವುದಕ್ಕೂ ತಲೆಮಾರುಗಳಿಂದ ಸಾಕಿ ತಳಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಹತ್ತು ವರ್ಷದ ಮಗುವಿಗೆ ತಿಳಿಯುವಂತೆ ಹೇಳಲು ‘ಪಳಗಿಸು’, ‘ಸಾಕು’ ಎರಡೇ ಸಾಕೇ? ದನ ಕಾಯ್ದವರು, ಕುರಿ ಸಾಕಿದವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ.