ಸಹಾಯ ಬೇಕು: ಪಿಆರ್‌ಐ ಲೈನಿನಲ್ಲಿ 15 ಕರೆ ದಾಟಿದರೆ ಧ್ವನಿ ಇಲ್ಲ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿಯ ಕಾರ್ಖಾನೆಯೊಂದರ ಇಪಿಎಬಿಎಕ್ಸ್ (ಒಳಗಿನ ಫೋನ್ ಎಕ್ಸ್‌ಚೇಂಜ್), ಅದಕ್ಕೆ ಪಿಆರ್‌ಐ, ಅಂದರೆ ಒಂದೇ ಲೈನಿನಲ್ಲಿ 30 ಕರೆ ಸಾಗಿಸುವ ಡಿಜಿಟಲ್ ಸಂಪರ್ಕ. ಒಟ್ಟಿಗೆ ನಡೆಯುವ ಮೊದಲ 15 ಕರೆ ಸ್ಪಷ್ಟ. 16ನೆಯದು ರಿಂಗ್ ಆಗುತ್ತೆ, ಎತ್ತಿದರೆ ಮೌನ.

ಪಿಆರ್‌ಐ ಓಡುವ ಇ1 ಡಿಜಿಟಲ್ ಲಿಂಕ್‌ನಲ್ಲಿ 0ರಿಂದ 31ರವರೆಗೆ 32 ಟೈಮ್‌ಸ್ಲಾಟ್ (ಸರದಿಯಂತೆ ಬರುವ ಪಾಲು), ತಲಾ 64 ಕೆಬಿಪಿಎಸ್. 0 ಫ್ರೇಮ್ (32 ಸ್ಲಾಟಿನ ಒಂದು ಸುತ್ತು) ಹೊಂದಿಸಲು, 16 ಸಿಗ್ನಲಿಂಗ್‌ಗೆ (ಕರೆ ಜೋಡಿಸುವ, ಮುಗಿಸುವ ಸಂದೇಶಗಳಿಗೆ). ಧ್ವನಿಗೆ 1–15 ಮತ್ತು 17–31. ನಮ್ಮ ಕಾರ್ಡ್ 16ನ್ನು ಬಿಡದೆ 1–30 ಎಂದು ಸಾಲಾಗಿ ಎಣಿಸುತ್ತಿದೆ ಅಂತ ಗುಮಾನಿ. ಹಾಗೆ ಎಣಿಸಿದರೆ ಇದರ 16ನೇ ಚಾನೆಲ್ ಸ್ಲಾಟ್ 17, 17ನೆಯದು ಸ್ಲಾಟ್ 18; ಆ ಕಡೆಯಿಂದ 17 ಅಂದರೆ ಇದು 18ರಲ್ಲಿ ಕಿವಿ ಇಟ್ಟು ಕೂತಿರುತ್ತೆ. ಕ್ಲಾಕ್ (ಎರಡೂ ಕಡೆಯ ವೇಗ ಹೊಂದಿಸುವ ಗಡಿಯಾರ) ಲೈನಿನದ್ದೇ, ಸ್ಲಿಪ್ (ವೇಗ ತಪ್ಪಿ ಫ್ರೇಮ್ ಬಿಟ್ಟುಹೋಗುವುದು ಇಲ್ಲವೇ ಮರುಕಳಿಸುವುದು) ಸೊನ್ನೆ. ಕ್ಲಾಕ್ ಕೆಟ್ಟಿದ್ದರೆ ಎಲ್ಲ ಸ್ಲಾಟಲ್ಲೂ ಟಕ್ ಟಕ್ ಕೇಳಬೇಕಿತ್ತು.

ಚಾನೆಲ್ ಎಣಿಕೆಯ ಸೆಟ್ಟಿಂಗ್ ಬದಲಿಸಿದವರು ದಯವಿಟ್ಟು ತಿಳಿಸಿ: ಕಾರ್ಡ್ ರೀಸ್ಟಾರ್ಟ್ ಬೇಕೇ, ನಡೆಯುತ್ತಿರುವ ಕರೆ ಕಡಿಯುತ್ತಾ? ತುಮಕೂರಲ್ಲಿ ಯಾರ ಬಳಿಯಾದರೂ ಇ1 ಟೆಸ್ಟರ್ ಇದ್ದರೆ, 17, 18 ಎರಡನ್ನೂ ಒಮ್ಮೆ ಕೇಳಿ ನೋಡಬೇಕಿದೆ.