ಯುವರಾಜ ಪಟ್ಟ ಹುಟ್ಟಿನಿಂದ ಬರುತ್ತಿತ್ತೇ, ಅರಸ ಕೊಟ್ಟರೆ ಬರುತ್ತಿತ್ತೇ?

ಪ್ರಶ್ನೆ (ಗದಗ): ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಲಕ್ಷ್ಮೇಶ್ವರದ ಶಾಸನವು ಬಾದಾಮಿ ಚಾಲುಕ್ಯರ ವಿಕ್ರಮಾದಿತ್ಯನನ್ನು ಯುವರಾಜನೆಂದು ಕರೆಯುತ್ತದೆ ಎಂದಾಗ, ರಾಜನ ಮಕ್ಕಳೆಲ್ಲರೂ ಯುವರಾಜರೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಆ ಪಟ್ಟಕ್ಕೆ ನಿಜವಾದ ಅಧಿಕಾರವಿತ್ತೇ? ‘ಪ್ರಿನ್ಸ್’ ಎಂಬ ಬಿರುದೂ ಇಂಥದ್ದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಧಾರವಾಡ): ಗುರುಗಳೇ, ರಾಜನ ಮಕ್ಕಳೆಲ್ಲರೂ ರಾಜಕುಮಾರರು, ಯುವರಾಜನಾಗಬೇಕಾದರೆ ಅರಸನೇ ಪಟ್ಟ ಕಟ್ಟಬೇಕಿತ್ತು. ಅಧಿಕಾರದ ಪ್ರಶ್ನೆಗೆ ನೀವು ಹೇಳಿದ ಶಾಸನವೇ ಉತ್ತರ ಕೊಡುತ್ತದೆ. ಸುಮಾರು ಕ್ರಿ.ಶ. 725ರ ಆ ಶಾಸನದಲ್ಲಿ, ತಂದೆ ವಿಜಯಾದಿತ್ಯನು ಇನ್ನೂ ಆಳುತ್ತಿರುವಾಗಲೇ, ವಿಕ್ರಮಾದಿತ್ಯನು ಪೊರಿಗೆರೆಯ (ಇಂದಿನ ಲಕ್ಷ್ಮೇಶ್ವರದ) ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಆಚಾರ ವ್ಯವಸ್ಥೆಯನ್ನು, ಅಂದರೆ ಹಕ್ಕು-ಕರ್ತವ್ಯಗಳ ಕಟ್ಟಳೆಯನ್ನು, ಮಾಡಿಕೊಟ್ಟಿದ್ದಾನೆ. ಅಲ್ಲಿ ಯುದ್ಧದ ವರ್ಣನೆಗಿಂತ ಊರಿನ ಆಡಳಿತವೇ ಮುಖ್ಯ: ವಾಸವಿಲ್ಲದ ಮನೆಗಳನ್ನು ರಾಜಪುರುಷರು ಕಾಯಬೇಕು, ಪ್ರತಿಯೊಂದು ಮನೆಯೂ ತನ್ನ ಸ್ಥಿತಿಗೆ ತಕ್ಕ ತೆರಿಗೆಯನ್ನು ವೈಶಾಖ ಮಾಸದಲ್ಲಿ ಸಲ್ಲಿಸಬೇಕು ಎಂಬಷ್ಟು ವಿವರವಾಗಿ ಬರೆಸಲಾಗಿದೆ. ಬರಿಯ ಗೌರವಕ್ಕೆ ಇಟ್ಟುಕೊಂಡ ಬಿರುದಾಗಿದ್ದರೆ ಊರಿನವರು ಇದನ್ನು ಕಲ್ಲಿನ ಮೇಲೆ ಕಾಪಾಡಿಕೊಳ್ಳುತ್ತಿರಲಿಲ್ಲ. ಮಕ್ಕಳಿಗೆ ಯುದ್ಧಗಳಿಗಿಂತ ಮೊದಲು ಈ ಶಾಸನವನ್ನೇ ಓದಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಉತ್ತರ (ಹಾವೇರಿ): ಹಿರಿಯ ಮಗನಿಗೇ ಈ ಪಟ್ಟ ಎಂಬ ಖಾತ್ರಿಯೂ ಇರಲಿಲ್ಲ. ರಾಷ್ಟ್ರಕೂಟ ಧ್ರುವನು ಹಿರಿಯವನಾದ ಸ್ತಂಭನನ್ನು ಬಿಟ್ಟು ಮೂರನೆಯ ಗೋವಿಂದನನ್ನು ಆರಿಸಿದನು. ಯುವರಾಜನ ಗುರುತಾಗಿ ಕಂಠಿಕೆ ಎಂಬ ಕೊರಳ ಹಾರವನ್ನು ತೊಡಿಸುವ ರೂಢಿ ಅವರಲ್ಲಿತ್ತು. ಕಲ್ಯಾಣ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು ತಮ್ಮ ಜಯಸಿಂಹನನ್ನೇ ಯುವರಾಜನನ್ನಾಗಿ ಮಾಡಿ ಬನವಾಸಿ, ಬೆಳ್ವೊಲ, ಪುಲಿಗೆರೆಗಳನ್ನು ಒಪ್ಪಿಸಿದನು. ಅಷ್ಟು ನಾಡು, ಅದರ ಆದಾಯ, ಅದರ ಸೈನ್ಯ ಕೈಯಲ್ಲಿದ್ದುದರಿಂದಲೇ ಅವನು ಮುಂದೆ ಅಣ್ಣನ ಮೇಲೆ ದಂಗೆಯೇಳುವುದು ಸಾಧ್ಯವಾಯಿತು.

ಉತ್ತರ (ಹುಬ್ಬಳ್ಳಿ): ‘ಪ್ರಿನ್ಸ್’ ಕುರಿತು ಎರಡು ಮಾತು ಸೇರಿಸುತ್ತೇನೆ. ಅದರ ಮೂಲ ರೋಮಿನ ಅಗಸ್ಟಸ್ ಇಟ್ಟುಕೊಂಡ ‘ಪ್ರಿನ್ಸೆಪ್ಸ್’, ಅಂದರೆ ಮೊದಲಿಗ. ಯುರೋಪಿನಲ್ಲಿ ಅದು ರಾಜನ ಮಗನಿಗೂ ಸಲ್ಲುತ್ತದೆ, ಸ್ವತಃ ಆಳುವವನಿಗೂ ಸಲ್ಲುತ್ತದೆ. ಮೊನಾಕೊದ ಅರಸ ಇಂದಿಗೂ ಪ್ರಿನ್ಸ್. ಬ್ರಿಟಿಷರು ನಮ್ಮ ಸಂಸ್ಥಾನಗಳ ಒಡೆಯರನ್ನು ರಾಜರೆನ್ನದೆ ಪ್ರಿನ್ಸ್‌ಗಳ ಸಾಲಿಗೆ ಸೇರಿಸಿದ್ದು, ರಾಜಪದವಿ ತಮ್ಮ ಚಕ್ರವರ್ತಿಗೆ ಮಾತ್ರ ಎಂಬ ಲೆಕ್ಕದಿಂದ. ಸವಣೂರಿನ ನವಾಬರು, ಕುಂದಗೋಳವನ್ನು ಆಳಿದ ಜಮಖಂಡಿಯವರು, ಲಕ್ಷ್ಮೇಶ್ವರವನ್ನು ಆಳಿದ ಮಿರಜಿನವರು ಎಲ್ಲರೂ ಆ ಲೆಕ್ಕಕ್ಕೇ ಬಂದರು. ಆದ್ದರಿಂದ ಆ ಕಾಲದ ದಾಖಲೆಗಳಲ್ಲಿ ಪ್ರಿನ್ಸ್ ಎಂದಿದ್ದಲ್ಲೆಲ್ಲ ಯುವರಾಜ ಎಂದು ಓದಿಕೊಂಡರೆ ಅರ್ಥ ಕೆಡುತ್ತದೆ. ಮೈಸೂರಿನಲ್ಲಿ ಯುವರಾಜರೆನಿಸಿದ ಕಂಠೀರವ ನರಸಿಂಹರಾಜ ಒಡೆಯರು ನಾಲ್ವಡಿ ಕೃಷ್ಣರಾಜರ ತಮ್ಮ. ಅವರು 1940ರಲ್ಲಿ ಅಣ್ಣನಿಗಿಂತ ಮೊದಲೇ ತೀರಿಕೊಂಡದ್ದರಿಂದ, ಅದೇ ವರ್ಷ ಪಟ್ಟವು ಅವರ ಮಗ ಜಯಚಾಮರಾಜೇಂದ್ರರಿಗೆ ಬಂದಿತು.